ತಾಲೂಕಿಗೆ ಮೂರರಂತೆ ಹನ್ನೆರಡು ಅರ್ಥ

ಇಂಗ್ಲಿಷಿನ ಒಂದು ಸಣ್ಣ ಮಾತಿಗೆ ಹನ್ನೆರಡು ಅರ್ಥ ಇರುವುದು ನನಗೆ ಯಾವತ್ತೂ ತಲೆನೋವಾಗಿರಲಿಲ್ಲ. ಭಾಷೆ ಅಂದಮೇಲೆ ಅದೆಲ್ಲ ಇದ್ದದ್ದೇ. ಆದರೆ ಆ ಹನ್ನೆರಡನ್ನು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಂಬ ನಾಲ್ಕು ತಾಲೂಕಿಗೆ ತಲಾ ಮೂರರಂತೆ, ಯಾರಿಗೂ ಅನ್ಯಾಯವಾಗದ ಹಾಗೆ ಹಂಚಿದರಲ್ಲ, ಅಲ್ಲಿಂದ ನನ್ನ ತಲೆನೋವು ಶುರುವಾಯಿತು. ಆ ವರ್ಷ ನಾನು ಬೈದಷ್ಟು ಬೈಗುಳವನ್ನು ನನ್ನ ಇಡೀ ಸರ್ವೀಸಿನಲ್ಲಿ ಬೈದಿರಲಿಕ್ಕಿಲ್ಲ. ಹೆಚ್ಚಿನವನ್ನು ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಒಬ್ಬಳೇ ಬೈದುಕೊಂಡೆ.

ಹತ್ತನೇ ತರಗತಿಯ ಇಂಗ್ಲಿಷಿನಲ್ಲಿ ಫೇಲಾಗಿ ಮತ್ತೆ ಪರೀಕ್ಷೆಗೆ ಕಟ್ಟಿದವರಿಗೆ ಒಂದು ಕೈಪಿಡಿ ಮಾಡಿಕೊಡಬೇಕೆಂದು ಚಿತ್ರದುರ್ಗದಲ್ಲಿ ಸಭೆ ಕರೆದಿದ್ದರು. ತಾಲೂಕಿಗೊಬ್ಬರಂತೆ ನಾಲ್ವರು ಇಂಗ್ಲಿಷ್ ಶಿಕ್ಷಕರು. ಹಿರಿಯೂರು ತಾಲೂಕಿನಿಂದ ನಾನು. ಜಿಲ್ಲೆಯ ಉಳಿದ ತಾಲೂಕುಗಳಿಗೆ ಬೇರೆ ಗುಂಪು, ಅವರ ಪುಣ್ಯ. ಸಭೆ ನಡೆಸಿದ ಅಧಿಕಾರಿಗಳು ಬೆಂಗಳೂರಿನಲ್ಲಿ ಯಾವುದೋ ತರಬೇತಿ ಮುಗಿಸಿಕೊಂಡು ಆಗಷ್ಟೇ ಬಂದಿದ್ದರು. ಅಲ್ಲಿ ಯಾರೋ ಅವರ ಕಿವಿಯಲ್ಲಿ, ಈ ಸಲ ಪ್ರಶ್ನೆಪತ್ರಿಕೆಯಲ್ಲಿ ಫ್ರೇಸಲ್ ವರ್ಬ್ ಗ್ಯಾರಂಟಿ ಎಂದು ಊದಿ ಕಳಿಸಿದ್ದರು. ಇಂಗ್ಲಿಷಿನಲ್ಲಿ ಕ್ರಿಯಾಪದವೊಂದಕ್ಕೆ ಅಪ್, ಆಫ್, ಔಟ್ ಎಂದು ಒಂದು ತುಂಡು ಪದ ಅಂಟಿಸಿದರೆ ಅದರ ಅರ್ಥವೇ ಬೇರೆಯಾಗುತ್ತದಲ್ಲ, ಅದಕ್ಕೆ ಹಾಗೆನ್ನುತ್ತಾರೆ. ನಮ್ಮ ಕೈಪಿಡಿ ಪೂರ್ತಿ ಅದರ ಮೇಲೆಯೇ ಇರಬೇಕು, ಒಂದೊಂದು ಅರ್ಥಕ್ಕೂ ಒಂದು ಸಮಾನಾರ್ಥಕ ಪದ, ಒಂದು ವಾಕ್ಯ ಇರಬೇಕು ಎಂದು ಅಪ್ಪಣೆಯಾಯಿತು.

ನಾನು ಎದ್ದು, ಈ ಪ್ರಶ್ನೆಗೆ ಇರುವುದು ಒಂದೇ ಅಂಕ, ಪತ್ರಲೇಖನಕ್ಕೆ ಐದಿದೆ, ಗದ್ಯಭಾಗ ಓದಿ ಉತ್ತರಿಸುವುದಕ್ಕೆ ನಾಲ್ಕಿದೆ, ಕೈಪಿಡಿ ಅದರ ಮೇಲೆ ಇರಲಿ ಎಂದು ಹೇಳಿದೆ. ಅವರು ನಗುತ್ತಲೇ ಕೇಳಿಸಿಕೊಂಡು, ಒಂದಂಕದಲ್ಲಿ ಫೇಲಾದವರ ಕಷ್ಟ ನಿಮಗೆ ಗೊತ್ತಿಲ್ಲವೇ ಮೇಡಂ ಎಂದರು. ಉಳಿದ ಮೂವರೂ ತಲೆಯಾಡಿಸಿದರು. ನಾನು ಕುಳಿತೆ.

ಇನ್ನು ಕೆಲಸ ಹಂಚಿಕೊಳ್ಳುವ ಮಾತು. ನಲವತ್ತು ಕ್ರಿಯಾಪದಗಳ ಪಟ್ಟಿ ಇತ್ತು. ತಾಲೂಕಿಗೆ ಹತ್ತರಂತೆ ತೆಗೆದುಕೊಂಡರೆ ಮುಗಿಯಿತು ಎಂದು ನಾನಂದೆ. ಅದಕ್ಕೆ ಹೊಸದುರ್ಗದ ಮೇಷ್ಟ್ರು ಒಪ್ಪಲಿಲ್ಲ. ಸುಲಭದವೆಲ್ಲ ಒಂದು ತಾಲೂಕಿಗೆ ಹೋಗಿ ಕಷ್ಟದವು ಇನ್ನೊಂದಕ್ಕೆ ಉಳಿದರೆ ಏನು ಮಾಡುವುದು ಎಂಬುದು ಅವರ ವಾದ. ಒಂದೊಂದು ಕ್ರಿಯಾಪದದ ಅರ್ಥಗಳನ್ನೇ ನಾಲ್ಕು ಪಾಲು ಮಾಡೋಣ, ಆಗ ಎಲ್ಲರಿಗೂ ಸಿಹಿಯೂ ಬರುತ್ತದೆ ಕಹಿಯೂ ಬರುತ್ತದೆ ಎಂದರು. ಈ ಜಿಲ್ಲೆಯಲ್ಲಿ ಏನೇ ಬಂದರೂ, ಸೈಕಲ್ಲಿರಲಿ ಬೋರ್‌ವೆಲ್ಲಿರಲಿ, ತಾಲೂಕುವಾರು ಹಂಚಿಯೇ ಅಭ್ಯಾಸ. ಅಧಿಕಾರಿಗಳಿಗೆ ಈ ಮಾತು ಬಹಳ ಹಿಡಿಸಿತು. ಸಮಪಾಲು ಎಂಬ ಶಬ್ದವನ್ನು ನಡಾವಳಿಯಲ್ಲಿ ಬರೆಸಿದರು.

ಮೊದಲು ಬಂದದ್ದು ‘ಪಿಕ್ ಅಪ್’. ಎತ್ತಿಕೊಳ್ಳುವುದು, ಗಾಡಿಯಲ್ಲಿ ಹತ್ತಿಸಿಕೊಳ್ಳುವುದು, ಫೋನ್ ತೆಗೆಯುವುದು, ಈ ಮೂರನ್ನು ಜಿಲ್ಲಾ ಕೇಂದ್ರದ ಹಕ್ಕೆಂಬಂತೆ ಚಿತ್ರದುರ್ಗದವರು ಮೊದಲೇ ಹಿಡಿದಿಟ್ಟುಕೊಂಡರು. ಕೇಳಿ ಕೇಳಿಯೇ ಕಲಿತುಬಿಡುವುದು, ವೇಗ ಏರುವುದು, ವ್ಯಾಪಾರ ಚೇತರಿಸಿಕೊಳ್ಳುವುದು ಹೊಸದುರ್ಗಕ್ಕೆ ಹೋದವು. ಹೊಳಲ್ಕೆರೆಯ ಮೇಡಂಗೆ ಅಂಗಡಿಯಲ್ಲಿ ಕೊಳ್ಳುವುದು, ರೋಗ ಅಂಟಿಸಿಕೊಳ್ಳುವುದು, ರೇಡಿಯೋ ಸಿಗ್ನಲ್ ಹಿಡಿಯುವುದು ಸಿಕ್ಕವು. ಸಿಗ್ನಲ್ ನನಗ್ಯಾಕೆ ಎಂದು ಅವರು ತಕರಾರು ಮಾಡಿದಾಗ, ನಿಮ್ಮ ರಾಮಗಿರಿಯಲ್ಲಿ ರೈಲ್ವೆ ಸ್ಟೇಷನ್ ಇದೆಯಲ್ಲ, ನಿಮಗೇ ಸರಿಹೊಂದುತ್ತದೆ ಎಂದು ಹೊಸದುರ್ಗದ ಮೇಷ್ಟ್ರು ಸಮಾಧಾನ ಮಾಡಿದರು. ಕೊನೆಗೆ ಉಳಿದದ್ದು ಪೊಲೀಸರು ಹಿಡಿದೊಯ್ಯುವುದು, ಬಿಟ್ಟಲ್ಲಿಂದ ಮುಂದುವರಿಸುವುದು, ಹರಡಿದ ಸಾಮಾನನ್ನು ಎತ್ತಿಟ್ಟು ಅಚ್ಚುಕಟ್ಟು ಮಾಡುವುದು. ಐಮಂಗಲದ ಹೈವೇಯಲ್ಲಿ ದಿನಾ ಪೊಲೀಸರು ನಿಂತಿರುತ್ತಾರೆ, ಆದ್ದರಿಂದ ಇದು ಹಿರಿಯೂರಿಗೆ ಸರಿ ಎಂದು ಅವರೇ ತೀರ್ಪು ಕೊಟ್ಟರು. ನಗಬೇಕೋ ಅಳಬೇಕೋ ತಿಳಿಯದೆ ಬರೆದುಕೊಂಡೆ.

ನಾಲ್ಕೂ ಪಾಲು ಸೇರಿ ಒಂದು ಪುಸ್ತಕವಾಗುತ್ತದೆ ಎಂದೇ ನಾನು ನಂಬಿದ್ದೆ. ಎಲ್ಲರೂ ಹಾಗೇ ನಂಬಿದ್ದರು. ಆದರೆ ಮುದ್ರಣದ ಹಣ ತಾಲೂಕುವಾರು ಬಂದಿತ್ತು. ಒಂದು ತಾಲೂಕಿನ ಹಣದಲ್ಲಿ ಇನ್ನೊಂದು ತಾಲೂಕಿನ ಪುಟ ಅಚ್ಚುಮಾಡಿಸಿದರೆ ಆಡಿಟ್‌ನಲ್ಲಿ ಸಿಕ್ಕಿಬೀಳುತ್ತೇವೆ ಎಂದು ಗುಮಾಸ್ತರೊಬ್ಬರು ಹೇಳಿದರಂತೆ. ಹಾಗಾಗಿ ಆಯಾ ತಾಲೂಕಿನವರು ಆಯಾ ತಾಲೂಕಿನ ಪಾಲನ್ನು ಮಾತ್ರ ಅಚ್ಚುಮಾಡಿಸಿ, ತಮ್ಮ ತಮ್ಮ ಅಭ್ಯರ್ಥಿಗಳಿಗೆ ಹಂಚಿದರು. ಸಮಗ್ರ ಆವೃತ್ತಿ ಆಮೇಲೆ ಬರುತ್ತದೆ ಎಂದು ಕೊನೆಯ ಪುಟದಲ್ಲಿ ಒಂದು ಸಾಲಿತ್ತು. ಹಿರಿಯೂರಿನ ಕೈಪಿಡಿ ತೆರೆದು ನೋಡಿದರೆ, ಪಿಕ್ ಅಪ್ ಎಂದರೆ ಅರೆಸ್ಟ್, ರೆಸ್ಯೂಮ್, ಟೈಡಿ. ಅಷ್ಟೇ. ಪುಸ್ತಕ ಕೆಳಗಿಟ್ಟ ಮಗುವೊಂದು ಅದನ್ನು ಎತ್ತಿಕೊಳ್ಳುವುದಕ್ಕೆ ನಮ್ಮ ತಾಲೂಕಿನಲ್ಲಿ ಅವಕಾಶವೇ ಇರಲಿಲ್ಲ.

ಕೂಡಲೇ ಫೋನ್ ಮಾಡಿದೆ. ಅಧಿಕಾರಿಗಳು ಮೀಟಿಂಗಿನಲ್ಲಿದ್ದರು. ಮರುದಿನ ಮಾಡಿದೆ, ಆಗಲೂ ಮೀಟಿಂಗ್. ಕೊನೆಗೆ ಸಿಕ್ಕಾಗ, ಮೊದಲು ಇದನ್ನು ಬಾಯಿಪಾಠ ಮಾಡಿಸಿ ಮೇಡಂ, ಉಳಿದದ್ದು ಕಳಿಸಿಕೊಡುತ್ತೇವೆ ಎಂದರು. ಜೊತೆಗೆ ಒಂದು ಸುತ್ತೋಲೆಯನ್ನೂ ಕಳಿಸಿದರು. ಪ್ರತಿ ತರಗತಿಯ ಮೊದಲ ಅರ್ಧ ಗಂಟೆ ಕೈಪಿಡಿಯನ್ನು ಗಟ್ಟಿಯಾಗಿ ಹೇಳಿಸಬೇಕು.

ನಮ್ಮ ಶಾಲೆ ಇರುವುದು ಧರ್ಮಪುರ ಹೋಬಳಿಯಲ್ಲಿ. ಭಾನುವಾರ ಈ ಮರುಪರೀಕ್ಷೆಯವರಿಗೆ ಅಲ್ಲಿ ತರಗತಿ. ಹಿರಿಯೂರಿನಿಂದ ನಾನು ಬಸ್ಸು ಹಿಡಿದು ಹೋಗಬೇಕು, ಅದೂ ಭಾನುವಾರ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಬರುತ್ತಿದ್ದವರಲ್ಲಿ ಹೆಚ್ಚಿನವರು ಹಿಂದಿನ ವರ್ಷ ಫೇಲಾದ ಹುಡುಗ ಹುಡುಗಿಯರು, ಮನೆಯವರ ಕಾಟಕ್ಕೆ ಬಂದು ಕೂತವರು. ಅವರ ನಡುವೆ ಒಬ್ಬರು ಮಾತ್ರ ನಲವತ್ತರ ಆಸುಪಾಸಿನ ಹೆಂಗಸು. ತಮ್ಮ ಊರಿನ ಹಾಲಿನ ಡೇರಿಯಲ್ಲಿ ಟೆಸ್ಟರ್. ಬಂದ ಹಾಲನ್ನು ಮೆಷಿನ್ನಿಗೆ ಹಾಕಿ ಫ್ಯಾಟ್ ನೋಡಿ ಚೀಟಿ ಕೊಡುವ ಕೆಲಸ. ಹುಡುಗರೆಲ್ಲ ಡೇರಿ ಅಕ್ಕ ಎನ್ನುತ್ತಿದ್ದರು, ನಾನೂ ಹಾಗೇ ಕರೆಯತೊಡಗಿದೆ. ಬೆಳಗಿನ ಹಾಲು ಮುಗಿಸಿ ಬರುತ್ತಿದ್ದಳು, ಸಂಜೆಯ ಹಾಲಿಗೆ ಮುಂಚೆ ಎದ್ದು ಹೋಗುತ್ತಿದ್ದಳು. ಶಾಲೆಯಲ್ಲಿದ್ದಾಗ ಹತ್ತನೇ ತರಗತಿ ಫೇಲಾಗಿ ಮದುವೆಯಾದವಳು ಮತ್ತೆ ಕಟ್ಟಿ, ಬೇರೆ ವಿಷಯಗಳನ್ನೆಲ್ಲ ಪಾಸು ಮಾಡಿಕೊಂಡಿದ್ದಳು. ಉಳಿದದ್ದು ಇಂಗ್ಲಿಷ್ ಒಂದೇ.

ಅವಳಿಗೆ ಯಾಕೆ ಈ ಪರೀಕ್ಷೆಯ ಹಟ ಎಂದು ಒಂದು ದಿನ ಕೇಳಿದೆ. ಡೇರಿಯ ಕಾರ್ಯದರ್ಶಿ ವಯಸ್ಸಾಯಿತೆಂದು ಬಿಡುತ್ತಿದ್ದಾರೆ. ವರ್ಷಗಟ್ಟಲೆಯಿಂದ ಅವರ ಅರ್ಧ ಕೆಲಸ ಇವಳೇ ಮಾಡುತ್ತಿರುವುದು. ಆದರೆ ಕಾರ್ಯದರ್ಶಿಯಾಗಲು ಹತ್ತನೇ ತರಗತಿ ಪಾಸಾಗಿರಬೇಕೆಂದು ಸಂಘದ ಆಡಳಿತ ಮಂಡಳಿಯವರು ಹೇಳಿದ್ದಾರೆ. ಈ ಸಲದ ರಿಸಲ್ಟ್ ಬರುವವರೆಗೆ ಕಾಯುತ್ತಾರೆ, ಇವಳು ಪಾಸಾಗದಿದ್ದರೆ ನಿರ್ದೇಶಕರೊಬ್ಬರ ಸೊಸೆಗೆ ಕೊಡುತ್ತಾರೆ. ಆ ಸೊಸೆ ಪಿಯುಸಿ ಓದಿದ್ದಾಳೆ, ಡೇರಿಯ ಬಾಗಿಲು ತುಳಿದವಳಲ್ಲ. ಇಷ್ಟು ಹೇಳಿ ಅವಳು,

“ಅವರು ಒಳ್ಳೇರೇ ಮೇಡಂ, ಆ ಹುಡುಗಿ ಮ್ಯಾಲೆ ನಂಗೇನ್ ಸಿಟ್ಟಿಲ್ಲ. ಆದ್ರೆ ಆ ಕುರ್ಚಿ ನಂಗ್ ಬೇಕು,” ಎಂದಳು.

ಇಷ್ಟು ನೇರವಾಗಿ ಬೇಕು ಎಂದು ಹೇಳುವವರು ನನ್ನ ತರಗತಿಯಲ್ಲಿ ಅಪರೂಪ. ನನಗೆ ಖುಷಿಯೂ ಆಯಿತು, ಹೆದರಿಕೆಯೂ ಆಯಿತು.

ಹೆದರಿಕೆಗೆ ಕಾರಣವಿತ್ತು. ಡೇರಿ ಅಕ್ಕನಿಗೆ ಬಾಯಿಪಾಠವೆಂದರೆ ಎಲ್ಲಿಲ್ಲದ ನಂಬಿಕೆ. ಮಠದ ಪಾಠಶಾಲೆಯಲ್ಲಿ ವಚನ ಕಲಿತ ಹಾಗೆ ಕೈಪಿಡಿಯನ್ನು ಕಲಿತಳು. ಹಾಲು ಅಳೆಯುವಾಗಲೂ ಅರೆಸ್ಟ್, ರೆಸ್ಯೂಮ್, ಟೈಡಿ ಎಂದು ತುಟಿ ಆಡಿಸುತ್ತಾಳೆ ಎಂದು ಅದೇ ಊರಿನ ಹುಡುಗಿಯೊಬ್ಬಳು ನಗುತ್ತಾ ಹೇಳಿದಳು. ನಾನು ಬೋರ್ಡಿನ ಮೇಲೆ ಹನ್ನೆರಡೂ ಅರ್ಥ ಬರೆದೆ. ಅವಳು ಎದ್ದುನಿಂತು, ಇವು ನಮ್ಮ ಪುಸ್ತಕದಲ್ಲಿಲ್ಲವಲ್ಲ ಎಂದು ಕೇಳಿದಳು. ಬೇರೆ ತಾಲೂಕಿನ ಪುಸ್ತಕದಲ್ಲಿವೆ ಎಂದೆ. ಹಾಗಾದರೆ ಅವು ಅವರ ಪರೀಕ್ಷೆಗೆ ಬರುತ್ತವೆ, ನಮ್ಮ ಪರೀಕ್ಷೆಗೆ ನಮ್ಮವು ಬರುತ್ತವೆ ಎಂದು ಇನ್ನೊಬ್ಬ ಹುಡುಗ ತರ್ಕ ಮಾಡಿದ. ತರಗತಿಗೆ ತರಗತಿಯೇ ಒಪ್ಪಿಬಿಟ್ಟಿತು. ಸರ್ಕಾರ ಹಂಚಿದ ಮೇಲೆ ಅದಕ್ಕೊಂದು ಅರ್ಥ ಇರಲೇಬೇಕಲ್ಲ. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ, ಏಕೆಂದರೆ ಅವರದು ಸರಿಯಾದ ಲೆಕ್ಕಾಚಾರವೇ ಆಗಿತ್ತು.

ಹೀಗಿರುವಾಗ ಪೂರ್ವಸಿದ್ಧತಾ ಪರೀಕ್ಷೆ ಬಂತು. ನಾಲ್ಕೂ ತಾಲೂಕಿನ ಅಭ್ಯರ್ಥಿಗಳನ್ನು ಚಿತ್ರದುರ್ಗಕ್ಕೇ ಕರೆಸಿ ಒಂದೇ ಕಡೆ ಕೂರಿಸಿದರು. ಪ್ರಶ್ನೆಪತ್ರಿಕೆ ತಯಾರಿಸಿದ್ದು ಹೊಳಲ್ಕೆರೆಯ ಮೇಡಂ. ಸಮಪಾಲಿನ ನಿಯಮವನ್ನು ಅವರು ಪ್ರಾಮಾಣಿಕವಾಗಿ ಪಾಲಿಸಿದ್ದರು. ಒಂದೊಂದು ಕ್ರಿಯಾಪದಕ್ಕೂ ನಾಲ್ಕು ವಾಕ್ಯ, ತಾಲೂಕಿಗೊಂದರಂತೆ.

ಆಗ ಆದದ್ದನ್ನು ನೀವೇ ಊಹಿಸಬಹುದು. ಪ್ರತಿಯೊಬ್ಬರಿಗೂ ನಾಲ್ಕರಲ್ಲಿ ಒಂದು ಬಂತು, ಮೂರು ಬರಲಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಬಾರದ ಕಡೆ ಸುಮ್ಮನೆ ಬಿಡಲಿಲ್ಲ, ತಮ್ಮ ತಾಲೂಕಿನ ಅರ್ಥವನ್ನೇ ತುರುಕಿದರು. ನಮ್ಮ ಹುಡುಗನೊಬ್ಬ, ಅಪ್ಪ ಮಗಳನ್ನು ಬಸ್‌ಸ್ಟ್ಯಾಂಡಿನಿಂದ ಕರೆದುಕೊಂಡು ಬಂದ ಎಂಬ ವಾಕ್ಯಕ್ಕೆ ಅರೆಸ್ಟ್ ಮಾಡಿದ ಎಂದು ಬರೆದಿದ್ದ. ಹೊಳಲ್ಕೆರೆಯ ಕಡೆಯವರೊಬ್ಬರು ನೆಲದ ಮೇಲಿನ ಪೆನ್ನನ್ನು ರೋಗದ ಹಾಗೆ ಅಂಟಿಸಿಕೊಂಡಿದ್ದರು. ಮೌಲ್ಯಮಾಪನ ಮಾಡುತ್ತಾ ಮಾಡುತ್ತಾ ನಾವು ನಾಲ್ವರೂ ಮೊದಲು ನಕ್ಕೆವು, ಆಮೇಲೆ ತಲೆ ಎತ್ತದೆ ಅಂಕ ಕೂಡಿಸಿದೆವು.

ಡೇರಿ ಅಕ್ಕ ಪಾಸಿನ ಹತ್ತಿರವೂ ಸುಳಿದಿರಲಿಲ್ಲ. ಹೆಚ್ಚು ಸಮಯವನ್ನೆಲ್ಲ ಆ ಕ್ರಿಯಾಪದಗಳ ಮೇಲೆ ಸುರಿದು, ಪತ್ರದ ಪ್ರಶ್ನೆ ಮುಟ್ಟಿಯೇ ಇರಲಿಲ್ಲ. ಮುಂದಿನ ಭಾನುವಾರ ಉತ್ತರಪತ್ರಿಕೆ ಕೊಟ್ಟಾಗ ಅದನ್ನು ಹಿಂದೆ ಮುಂದೆ ತಿರುವಿ ನೋಡಿದಳು. ಅಳಲಿಲ್ಲ. ಮೆಲ್ಲಗೆ ಕೇಳಿದಳು.

“ಇಷ್ಟ್ ದಿನ ನಾ ಓದಿದ್ದು ಸುಳ್ಳಾ ಮೇಡಂ?”

ಸುಳ್ಳಲ್ಲ, ಕಾಲು ಭಾಗ ಎಂದು ಹೇಳಬೇಕಾಗಿತ್ತು. ಅದನ್ನು ಬಿಟ್ಟು ಮುಂದಿನ ಉತ್ತರಪತ್ರಿಕೆಯ ಹೆಸರು ಕೂಗಿದೆ.

ವಿಮರ್ಶಾ ಸಭೆಗೆ ಮತ್ತೆ ಚಿತ್ರದುರ್ಗಕ್ಕೆ ಹೋದೆವು. ಈಗಲಾದರೂ ನಾಲ್ಕು ಪಾಲನ್ನೂ ಒಂದು ಮಾಡಿ ಎಲ್ಲರಿಗೂ ಕೊಡುತ್ತಾರೆಂದು ಆಸೆ ಇಟ್ಟುಕೊಂಡಿದ್ದೆ. ಅಧಿಕಾರಿಗಳು ಫಲಿತಾಂಶದ ಪಟ್ಟಿ ನೋಡಿ, ನಾಲ್ಕೂ ತಾಲೂಕು ಸಮಾನವಾಗಿ ಹಿಂದುಳಿದಿವೆ, ಹಾಗಾಗಿ ಹಂಚಿಕೆಯಲ್ಲಿ ತಪ್ಪಿಲ್ಲ ಎಂದು ಶುರು ಮಾಡಿದರು. ಇದಕ್ಕೆ ಏನು ಉತ್ತರ ಕೊಡುತ್ತೀರಿ? ಹೊಸದುರ್ಗದ ಮೇಷ್ಟ್ರು ತಮ್ಮ ಪಾಲನ್ನು ಬೇರೆ ತಾಲೂಕಿಗೆ ಕೊಡಲು ತಮ್ಮದೇನೂ ಅಭ್ಯಂತರವಿಲ್ಲ, ಆದರೆ ಲಿಖಿತವಾಗಿ ಕೇಳಬೇಕು ಎಂದರು. ನಾನು ತಾಲೂಕು ಕಚೇರಿಯ ಮೂಲಕ ಜಿಲ್ಲೆಗೆ ಬರೆಯಬೇಕು, ಜಿಲ್ಲೆಯವರು ಹೊಸದುರ್ಗಕ್ಕೆ ಬರೆಯಬೇಕು, ಅಲ್ಲಿಂದ ಅದೇ ದಾರಿಯಲ್ಲಿ ವಾಪಸ್ ಬರಬೇಕು. ಮೇಷ್ಟ್ರೇ, ನೀವು ನನ್ನ ಪಕ್ಕದಲ್ಲೇ ಕೂತಿದ್ದೀರಿ, ಆ ಪುಸ್ತಕ ನಿಮ್ಮ ಚೀಲದಲ್ಲೇ ಇದೆ ಎಂದೆ. ಅವರು ಚೀಲವನ್ನು ಸ್ವಲ್ಪ ಆಚೆ ಸರಿಸಿಕೊಂಡರು. ಮನುಷ್ಯ ಕೆಟ್ಟವರಲ್ಲ. ನಿವೃತ್ತಿಗೆ ಹತ್ತಿರವಿದ್ದರು, ಯಾವ ಕಾಗದದಲ್ಲೂ ತಮ್ಮ ಹೆಸರು ಸಿಕ್ಕಿಕೊಳ್ಳಬಾರದೆಂಬ ಭಯ ಅವರನ್ನು ಹಾಗೆ ಮಾಡಿತ್ತು. ಕೊನೆಗೆ ತೀರ್ಮಾನವಾದದ್ದೇನೆಂದರೆ, ಇದ್ದ ಕೈಪಿಡಿಯನ್ನೇ ಇನ್ನೂ ಗಟ್ಟಿಯಾಗಿ ಹೇಳಿಸುವುದು. ಅರ್ಧ ಗಂಟೆ ಇದ್ದದ್ದು ಒಂದು ಗಂಟೆಯಾಯಿತು.

ವಾಪಸ್ ಬರುವಾಗ ಬಸ್ಸು ಐಮಂಗಲದ ಬಳಿ ಬಹಳ ಹೊತ್ತು ನಿಂತಿತು. ಮುಂದೆ ಯಾವುದೋ ಲಾರಿ ಕೆಟ್ಟಿತ್ತು. ಕಂಡಕ್ಟರ್ ಇಳಿದು ಬೀಡಿ ಸೇದುತ್ತಿದ್ದ. ನಾನು ಬೈಯುವುದನ್ನು ನಿಲ್ಲಿಸಿ ಲೆಕ್ಕ ಹಾಕಿದೆ. ಪರೀಕ್ಷೆಗೆ ಉಳಿದಿರುವುದು ಕೆಲವೇ ಭಾನುವಾರ. ನನಗೆ ಹನ್ನೆರಡೂ ಅರ್ಥ ಗೊತ್ತು, ಹೇಳಿಕೊಡಬಲ್ಲೆ. ನಲವತ್ತು ಕ್ರಿಯಾಪದಕ್ಕೆ ಅಷ್ಟಷ್ಟು ಅರ್ಥ ಹೇಳಿಕೊಡುತ್ತಾ ಕೂತರೆ ಪರೀಕ್ಷೆಯೇ ಮುಗಿದುಹೋಗುತ್ತದೆ. ಅದೂ ಎಷ್ಟಕ್ಕೆ? ಒಂದಂಕಕ್ಕೆ. ಡೇರಿ ಅಕ್ಕನ ಕುರ್ಚಿ ಪತ್ರದಲ್ಲಿದೆ, ಗದ್ಯಭಾಗದಲ್ಲಿದೆ, ಚಿತ್ರ ನೋಡಿ ನಾಲ್ಕು ವಾಕ್ಯ ಬರೆಯುವುದರಲ್ಲಿದೆ. ಅದನ್ನು ಮೊದಲ ಸಭೆಯಲ್ಲಿ ಹೇಳಿ ಕುಳಿತುಬಿಟ್ಟವಳು ನಾನೇ ಅಲ್ಲವೇ? ಇನ್ನು ಕೂರುವುದಿಲ್ಲ ಎಂದುಕೊಂಡೆ. ಲಾರಿ ಪಕ್ಕಕ್ಕೆ ಸರಿಯುವ ಹೊತ್ತಿಗೆ ಕೈಪಿಡಿಯನ್ನು ಪೂರ್ತಿ ಕೈಬಿಡುವುದೆಂದು ನಿಶ್ಚಯಿಸಿದ್ದೆ.

ಮುಂದಿನ ಭಾನುವಾರ ತರಗತಿಗೆ ಹೋದವಳೇ ಎಲ್ಲರ ಕೈಪಿಡಿಗಳನ್ನು ಇಸಿದುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಹುಡುಗರು ಖುಷಿಪಟ್ಟರು. ಡೇರಿ ಅಕ್ಕ ಮಾತ್ರ ಒಡವೆ ಕಿತ್ತುಕೊಂಡವರನ್ನು ನೋಡುವ ಹಾಗೆ ನನ್ನನ್ನು ನೋಡಿದಳು.

“ಪಿಕ್ ಅಪ್ ಬಂದ್ರೆ ಬಿಡಮ್ಮ. ಮುಟ್ಟಬೇಡ. ಒಂದ್ ಮಾರ್ಕ್ಸ್ ಹೋದ್ರೆ ಹೋಗ್ಲಿ,” ಎಂದೆ.

ಅವಳು ಹೂಂ ಅಂದಳು. ಒಪ್ಪಿದಳೆಂದೇ ನಾನು ತಿಳಿದೆ.

ಪತ್ರ ಕಲಿಸುವುದು ಸುಲಭವಾಗಿತ್ತೆಂದು ಯಾರೂ ತಿಳಿಯಬೇಡಿ. ಎಡಗಡೆ ಯಾರ ವಿಳಾಸ, ಕೆಳಗೆ ಯಾರಿಗೆ, ವಿಷಯ ಎಂದರೆ ಏನು, ಎಲ್ಲಿ ರುಜು, ಇಷ್ಟಕ್ಕೇ ಒಂದು ದಿನ ಹಿಡಿಯಿತು. ಇವಳು ಪತ್ರವನ್ನೂ ಬಾಯಿಪಾಠ ಮಾಡಲು ಹೊರಟಳು. ಬೀದಿದೀಪ ಕೆಟ್ಟಿದೆಯೆಂದು ಪಂಚಾಯಿತಿಗೆ ಬರೆದ ಪತ್ರವನ್ನು ಪೂರ್ತಿ ಉರು ಹೊಡೆದು ಬಂದು, ಗ್ರಂಥಾಲಯ ಬೇಕೆಂದು ಬರೆ ಎಂದರೆ ಅದರಲ್ಲೂ ಬೀದಿದೀಪವನ್ನೇ ಹಚ್ಚಿದಳು. ನನಗೆ ರೇಗಿತು. ಪುಸ್ತಕ ಓದಲು ದೀಪ ಬೇಕು ಮೇಡಂ ಎಂದು ಹಿಂದಿನ ಬೆಂಚಿನಿಂದ ಯಾರೋ ಅಂದರು, ಇಡೀ ತರಗತಿ ನಕ್ಕಿತು, ಅವಳೂ ನಕ್ಕಳು. ನಾನು ನಗಲಿಲ್ಲ.

ಆಮೇಲೆ ಹೊಳೆಯಿತು. ಬೀದಿದೀಪದ ಚಿಂತೆ ಇವಳಿಗೇಕೆ? ಡೇರಿಯ ಫ್ಯಾಟ್ ಮೆಷಿನ್ ಕೆಟ್ಟಿದೆ, ರಿಪೇರಿ ಮಾಡಿಸಿಕೊಡಿ ಎಂದು ಹಾಲು ಒಕ್ಕೂಟಕ್ಕೆ ಒಂದು ಪತ್ರ ಬರೆ ಎಂದೆ. ಮೊದಲು ಕನ್ನಡದಲ್ಲಿ ಹೇಳು, ಆಮೇಲೆ ಇಂಗ್ಲಿಷಿನಲ್ಲಿ ಸಣ್ಣ ಸಣ್ಣ ವಾಕ್ಯ ಮಾಡು. ಅವಳು ಕನ್ನಡದಲ್ಲಿ ಹೇಳಲು ಶುರು ಮಾಡಿದರೆ ನಿಲ್ಲಿಸಲೇ ಇಲ್ಲ. ಮೆಷಿನ್ ತಪ್ಪು ತೋರಿಸಿದರೆ ಹಾಲು ತಂದವರೊಂದಿಗೆ ಆಗುವ ಜಗಳ, ಮೆಕ್ಯಾನಿಕ್ ಬರುತ್ತೇನೆಂದು ಬಾರದೆ ಇರುವುದು, ಎಲ್ಲ ಬಂತು. ಅದರಲ್ಲಿ ಐದು ವಾಕ್ಯ ಆರಿಸಿ ಇಂಗ್ಲಿಷ್ ಮಾಡಿದೆವು. ಕಾಗುಣಿತ ದೇವರಿಗೇ ಪ್ರೀತಿ. ಆದರೆ ಅದು ಅವಳ ಪತ್ರವಾಗಿತ್ತು, ಯಾರ ಪುಸ್ತಕದ್ದೂ ಅಲ್ಲ. ಅಲ್ಲಿಂದ ಪತ್ರ ಬರೆಯುವುದು ಅವಳಿಗೆ ಹಿಡಿತಕ್ಕೆ ಬಂತು. ಮೆಷಿನ್ ಇದ್ದ ಜಾಗದಲ್ಲಿ ನಲ್ಲಿ ಇಟ್ಟಳು, ನಲ್ಲಿ ಇದ್ದ ಜಾಗದಲ್ಲಿ ಬಸ್ಸು ಇಟ್ಟಳು.

ಆ ಹೊತ್ತಿಗೇ ತಾಲೂಕಿನಿಂದ ಸಂಪನ್ಮೂಲ ವ್ಯಕ್ತಿಯೊಬ್ಬರು ತಪಾಸಣೆಗೆ ಬಂದರು. ಭಾನುವಾರ ಬರುತ್ತಾರೆಂದು ಯಾರು ತಿಳಿದಿದ್ದರು? ಬೋರ್ಡಿನ ಮೇಲೆ ಫ್ಯಾಟ್ ಮೆಷಿನ್ನಿನ ಪತ್ರ ಇತ್ತು. ಅವರು ಅದನ್ನು ಓದಿ, ಕೈಪಿಡಿ ಎಲ್ಲಿ ಎಂದರು. ಬೀರುವಿನಲ್ಲಿದೆ ಎಂದೆ. ಅವರು ನನ್ನನ್ನು ಬಿಟ್ಟು ತರಗತಿಯ ಕಡೆ ತಿರುಗಿ, ಪಿಕ್ ಅಪ್ ಎಂದರೇನು ಎಂದು ಕೇಳಿದರು. ಎಲ್ಲರೂ ಒಂದೇ ದನಿಯಲ್ಲಿ ಅರೆಸ್ಟ್, ರೆಸ್ಯೂಮ್, ಟೈಡಿ ಎಂದು ಕೂಗಿದರು. ಅವರ ಮುಖ ಅರಳಿತು. ಇಷ್ಟು ಚೆನ್ನಾಗಿ ಹೇಳುವವರಿಗೆ ಇನ್ನೊಂದಿಷ್ಟು ಹೇಳಿಸುವುದು ಬಿಟ್ಟು ಈ ಮೆಷಿನ್ ರಿಪೇರಿ ಯಾಕೆ ಮೇಡಂ ಎಂದು ಸಂದರ್ಶಕರ ಪುಸ್ತಕದಲ್ಲಿ ಷರಾ ಬರೆದು ಹೋದರು. ವಾರದೊಳಗೆ ನನಗೆ ನೋಟಿಸ್ ಬಂತು. ಸುತ್ತೋಲೆಯನ್ನು ಉಲ್ಲಂಘಿಸಿದ್ದಕ್ಕೆ ಕಾರಣ ಕೊಡಬೇಕು.

ಮುಖ್ಯೋಪಾಧ್ಯಾಯರು ಪಾಪದವರು. ಕ್ಷಮಿಸಿ ಎಂದು ಒಂದು ಸಾಲು ಬರೆದುಕೊಡಿ ಮೇಡಂ, ಮುಗಿದುಹೋಗುತ್ತದೆ ಎಂದು ಸಂಜೆಯವರೆಗೆ ಹೇಳಿದರು. ನಾನು ಕ್ಷಮೆ ಬರೆಯಲಿಲ್ಲ. ಪ್ರಶ್ನೆಪತ್ರಿಕೆಯ ನೀಲನಕ್ಷೆಯನ್ನು ಲಗತ್ತಿಸಿ, ಪತ್ರಕ್ಕೆ ಐದು, ಇದಕ್ಕೆ ಒಂದು, ಆದ್ದರಿಂದ ಎಂದು ಬರೆದು ಕಳಿಸಿದೆ. ಅದಕ್ಕೆ ಇವತ್ತಿನವರೆಗೆ ಉತ್ತರ ಬಂದಿಲ್ಲ. ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು, ಆ ದಿನಗಳಲ್ಲಿ ನನಗೆ ನಿದ್ದೆ ಕಡಿಮೆಯಾಗಿತ್ತು. ನೋಟಿಸಿನಿಂದಲ್ಲ. ಡೇರಿ ಅಕ್ಕ ಫೇಲಾದರೆ ಕೈಪಿಡಿ ಕಿತ್ತಿಟ್ಟದ್ದಕ್ಕೇ ಎಂದು ಎಲ್ಲರೂ ಹೇಳುತ್ತಾರೆ, ಇವಳೂ ಹಾಗೇ ತಿಳಿಯುತ್ತಾಳೆ ಎಂಬ ಭಯ.

ಪರೀಕ್ಷೆಯ ದಿನ ಹಿರಿಯೂರಿನ ಕೇಂದ್ರದ ಹೊರಗೆ ಅವಳಿಗಾಗಿ ಕಾದೆ. ಬಂದವಳು ಪ್ರಶ್ನೆಪತ್ರಿಕೆಯನ್ನು ನನ್ನ ಕೈಗೆ ಕೊಟ್ಟು, ಸಂಜೆ ಹಾಲಿಗೆ ಹೊತ್ತಾಯಿತೆಂದು ಬಸ್ಸಿಗೆ ಓಡಿದಳು. ಅಧಿಕಾರಿಗಳ ಬೆಂಗಳೂರಿನ ಸುದ್ದಿ ನಿಜವಾಗಿತ್ತು. ಫ್ರೇಸಲ್ ವರ್ಬ್ ಬಂದಿತ್ತು, ಅದೂ ಪಿಕ್ ಅಪ್ಪೇ. ಹಬ್ಬದ ನಂತರ ಬಟ್ಟೆ ವ್ಯಾಪಾರ ಚೇತರಿಸಿಕೊಂಡಿತು ಎಂಬ ವಾಕ್ಯ ಕೊಟ್ಟು, ಗೆರೆ ಎಳೆದ ಪದಕ್ಕೆ ಸಮಾನಾರ್ಥಕ ಬರೆಯಿರಿ ಎಂದಿತ್ತು. ಬೇಕಾದದ್ದು ಇಂಪ್ರೂವ್. ಅಂದರೆ ಹೊಸದುರ್ಗ ತಾಲೂಕಿನದು. ಹಾಳಾಗಿ ಹೋಗಲಿ, ಬಿಟ್ಟಿರುತ್ತಾಳೆ ಎಂದುಕೊಂಡು ಕಾಗದ ಮಡಿಚಿದೆ. ಪತ್ರ ಏನು ಬಂದಿದೆ ಎಂದು ನೋಡಿದೆ. ಊರಿಗೆ ಬಸ್ಸು ಬೇಕೆಂದು ಡಿಪೋ ಮ್ಯಾನೇಜರಿಗೆ ಅರ್ಜಿ. ಅಷ್ಟು ಸಮಾಧಾನ.

ರಿಸಲ್ಟ್ ಬಂದ ದಿನ ಬೆಳಿಗ್ಗೆ ಮೊದಲು ಫೋನ್ ಬಂದದ್ದು ಅಧಿಕಾರಿಗಳದು. ನಮ್ಮ ಧರ್ಮಪುರದ ಗುಂಪು ನಾಲ್ಕು ತಾಲೂಕಿನಲ್ಲಿ ಎಲ್ಲರಿಗಿಂತ ಮುಂದಿದೆಯಂತೆ. ಕೈಪಿಡಿಯ ಫಲ ಎಂದರು. ನಾನು ನೋಟಿಸ್ ಏನಾಯಿತು ಎಂದೆ. ಅದೆಲ್ಲ ಇರಲಿ ಬಿಡಿ ಮೇಡಂ, ಮುಂದಿನ ವರ್ಷ ಇದನ್ನೇ ಹೋಬಳಿವಾರು ಮಾಡೋಣ ಎಂದುಕೊಂಡಿದ್ದೇವೆ, ನೀವು ಸಮಿತಿಯಲ್ಲಿರಬೇಕು ಎಂದರು. ನಾನು ಫೋನನ್ನು ಮೇಜಿನ ಮೇಲೆ ಮಗುಚಿಟ್ಟೆ. ಅವರು ಎಷ್ಟು ಹೊತ್ತು ಮಾತಾಡಿದರೋ ತಿಳಿಯದು.

ಡೇರಿ ಅಕ್ಕ ಮಧ್ಯಾಹ್ನ ಶಾಲೆಗೆ ಬಂದಳು. ಒಂದು ಡಬ್ಬಿಯಲ್ಲಿ ಅವರ ಮನೆಯ ಗಿಣ್ಣು ತಂದಿದ್ದಳು. ಮೊಬೈಲಿನಲ್ಲಿ ಯಾರೋ ತೆಗೆದುಕೊಟ್ಟ ಅಂಕಪಟ್ಟಿ ತೋರಿಸಿದಳು. ಇಂಗ್ಲಿಷ್, ಮೂವತ್ತೈದು. ಪಾಸಿಗೆ ಬೇಕಾದದ್ದು ಮೂವತ್ತೈದು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಮಂಡಳಿಯವರು ಬೆಳಿಗ್ಗೆಯೇ ಕರೆದು, ಬರುವ ತಿಂಗಳಿಂದ ನೀನೇ ಕಾರ್ಯದರ್ಶಿ ಎಂದು ಹೇಳಿಬಿಟ್ಟಿದ್ದರಂತೆ. ನನಗೆ ಕಣ್ಣು ತುಂಬಿ ಬಂತು. ಗಿಣ್ಣಿನ ತುಂಡೊಂದನ್ನು ಬಾಯಿಗೆ ಹಾಕಿಕೊಂಡು ಅದನ್ನು ಮರೆಸಿದೆ. ಪತ್ರ ನಿನ್ನನ್ನು ಕಾಪಾಡಿತು ನೋಡು ಎಂದು ಸ್ವಲ್ಪ ಜಂಭದಿಂದಲೇ ಹೇಳಿದೆ.

ಅವಳು ತಲೆ ತಗ್ಗಿಸಿ, ನೀವು ಬೈಯುತ್ತೀರೆಂದು ಒಂದು ಮಾತು ಹೇಳಿರಲಿಲ್ಲ ಎಂದಳು. ಪಿಕ್ ಅಪ್ ಅನ್ನು ಅವಳು ಬಿಟ್ಟಿರಲಿಲ್ಲ. ಇಂಪ್ರೂವ್ ಎಂದು ಬರೆದಿದ್ದಳು. ಚಿತ್ರದುರ್ಗದ ಪರೀಕ್ಷೆಯ ದಿನ ಬಸ್ಸಿಗೆ ಕಾಯುವಾಗ ಹೊಸದುರ್ಗದ ಕಡೆಯ ಹಳ್ಳಿಯ ಹೆಂಗಸೊಬ್ಬಳ ಪರಿಚಯವಾಗಿ, ಇವಳು ನಮ್ಮ ಮೂರನ್ನು ಅವಳಿಗೆ ಬರೆದುಕೊಟ್ಟು ಅವಳ ಮೂರನ್ನು ಕಲಿತುಕೊಂಡು ಬಂದಿದ್ದಳು.

“ನಿಮ್ ಪತ್ರ ಮೂವತ್ನಾಕಕ್ಕೆ ತಂದ್ ನಿಲ್ಲಿಸ್ತು ಮೇಡಂ. ಆ ಅಕ್ಕ ದಾಟಿಸಿದ್ಲು.”

ಆ ಒಂದಂಕದ ವಿರುದ್ಧ ವರ್ಷಪೂರ್ತಿ ಜಗಳವಾಡಿದವಳು ನಾನು. ಆ ಹೊಸದುರ್ಗದವಳು ಏನಾದಳು ಎಂದು ಕೇಳಿದೆ.

ಡೇರಿ ಅಕ್ಕ ಡಬ್ಬಿಯ ಮುಚ್ಚಳ ಹಾಕಿ ತೆಗೆದು ಮಾಡಿದಳು. ಬೆಳಿಗ್ಗೆಯೇ ಫೋನ್ ಮಾಡಿದ್ದಳಂತೆ. ಮೂವತ್ತೊಂದಕ್ಕೆ ನಿಂತಿದ್ದಾಳೆ. ಅವರ ಕಡೆ ಕೊನೆಯವರೆಗೂ ಕೈಪಿಡಿಯನ್ನೇ ಹೇಳಿಸಿದರು, ಪತ್ರದ ಜಾಗವನ್ನು ಖಾಲಿ ಬಿಟ್ಟು ಬಂದಿದ್ದಾಳೆ. ಅವಳೂ ಒಂದು ಕೆಲಸದ ಆಸೆಯಲ್ಲೇ ಕಟ್ಟಿದವಳು.

“ಅವಳಿಗೂ ಪತ್ರ ಹೇಳ್ಕೊಡ್ತೀರಾ ಮೇಡಂ? ಬ್ಯಾರೆ ತಾಲೂಕು ಅಂತ ಅಂಜ್ತಾ ಅವಳೆ.”

ಹೊಸದುರ್ಗದಿಂದ ಧರ್ಮಪುರ ದೂರವಾಗುತ್ತದೆ, ಹಿರಿಯೂರಿಗೆ ನಮ್ಮ ಮನೆಗೇ ಬರಲಿ ಎಂದೆ. ಈ ಭಾನುವಾರವೇ ಬರಲಿ, ಕೈಪಿಡಿ ತರುವುದು ಬೇಡ. ಡೇರಿ ಅಕ್ಕ ಅಲ್ಲೇ ನಿಂತು ಅವಳಿಗೆ ಫೋನ್ ಹಚ್ಚಿದಳು.